ಕಮಟು ಹಿಡಿದ ಬಾದಾಮಿ ಎಣ್ಣೆ

ಸಾಬೂನು ಕಾರ್ಖಾನೆಯಲ್ಲಿದ್ದಷ್ಟು ಕಾಲವೂ ಎಲ್ಲರೂ ಅವಳನ್ನು ಮೂಗಮ್ಮ ಎಂದೇ ಕರೆದರು. ಹೊಸದಾಗಿ ಸೇರಿದವರು, ಪಾಪ, ಮಾತು ಬಾರದ ಹೆಂಗಸೇನೋ ಎಂದುಕೊಂಡು ಕೈಸನ್ನೆ ಮಾಡುವುದು, ಅವಳು "ಬಾಯಿ ಇದೆಯಪ್ಪಾ, ಬಿಟ್ಟು ಹೇಳು" ಎಂದು ಗದರುವುದು, ಸುತ್ತಲಿನವರು ಬಿದ್ದು ಬಿದ್ದು ನಗುವುದು ಅಲ್ಲಿ ಮಾಮೂಲು. ಅವಳ ಕೆಲಸ ಸುಗಂಧ ಪರೀಕ್ಷಿಸುವ ಕೋಣೆಯಲ್ಲಿ. ಕಾಗದದ ಪಟ್ಟಿಯ ತುದಿಯನ್ನು ತೈಲದಲ್ಲಿ ಅದ್ದಿ, ಮೂಗಿನ ಕೆಳಗೆ ಒಮ್ಮೆ ಆಡಿಸಿ, "ಇದಕ್ಕೆ ಏನೋ ಬೆರೆಸಿದ್ದಾರೆ, ವಾಪಸ್ ಕಳಿಸಿ" ಎಂದುಬಿಟ್ಟರೆ ಮ್ಯಾನೇಜರೂ ಎದುರಾಡುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಆ ಮರ್ಯಾದೆ ಅವಳ ಹಿಂದೆಯೇ ಮನೆಗೆ ಬಂತು. ಹಾಲು ಕೆಟ್ಟಿದೆಯೇ, ಬೀರುವಿನ ಬಟ್ಟೆ ಮುಗ್ಗಲು ಹಿಡಿದಿದೆಯೇ ಎಂಬುದರಿಂದ ಹಿಡಿದು ಗಂಡ ಕದ್ದು ಸಿಗರೇಟು ಸೇದಿದ್ದಾನೆಯೇ ಎಂಬುದರವರೆಗೆ ಎಲ್ಲಕ್ಕೂ ಅವಳ ಮೂಗಿನದೇ ಕೊನೆಯ ತೀರ್ಪು.

ಆ ಮೂಗು ಒಂದು ಜ್ವರದಲ್ಲಿ ಹೋಯಿತು. ಜ್ವರ ಬಿಟ್ಟ ಮೇಲೆ ಸ್ನಾನಕ್ಕೆ ಹೋದವಳಿಗೆ ಸಾಬೂನು ಬರೀ ಜಾರುವ ವಸ್ತುವಾಗಿ ಕೈಗೆ ಸಿಕ್ಕಿತು. ಕೆನ್ನೆಗೆ ಒತ್ತಿ ಹಿಡಿದಳು, ಮೂಗಿಗೇ ತಿಕ್ಕಿಕೊಂಡಳು. ಏನೂ ಇಲ್ಲ. ನಾಳೆ ಸರಿಹೋದೀತು ಎಂದುಕೊಂಡಳು. ನಾಳೆಗಳು ಬಂದವು, ಹೋದವು. ಯಾರಿಗೂ ಹೇಳಲಿಲ್ಲ. ಕಿವಿ ಮಂದವಾದರೆ ಹೇಳಿಕೊಳ್ಳಬಹುದು, ಮಂಡಿ ನೋವೆಂದರೆ ಊರೆಲ್ಲ ಅಯ್ಯೋ ಅನ್ನುತ್ತದೆ. ಆದರೆ ಮೂಗಮ್ಮನಿಗೆ ಮೂಗಿಲ್ಲ ಎಂದರೆ ಉಳಿಯುವುದಾದರೂ ಏನು? ಹೀಗಾಗಿ ಉಪಾಯ ಕಲಿತಳು. ಒಲೆಯ ಮೇಲೇನಾದರೂ ಇದ್ದರೆ ಅಲ್ಲಿಂದ ಕದಲುತ್ತಿರಲಿಲ್ಲ. ಅನುಮಾನ ಬಂದರೆ ಗಂಡನನ್ನು ಕರೆದು, "ಇದೇನು ವಾಸನೆ, ಹೇಳಿ ನೋಡೋಣ. ನಿಮ್ಮ ಮೂಗಿಗೆ ತುಕ್ಕು ಹಿಡಿದಿದೆಯೋ ಹೇಗೆ?" ಎನ್ನುತ್ತಿದ್ದಳು. ಆ ಬಡಪಾಯಿ ಪರೀಕ್ಷೆ ಎಂದುಕೊಂಡು ಶ್ರದ್ಧೆಯಿಂದ ಮೂಸಿ ಹೇಳುತ್ತಿದ್ದ.

ಇದೇ ಹೊತ್ತಿಗೆ ಸೊಸೆಗೆ ಸುಗಂಧ ತೈಲಗಳ ಗೀಳು ಹತ್ತಿತು. ಅವಳು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಮಾಡುವವಳು. ದಿನವಿಡೀ ಇನ್ನೊಬ್ಬರ ಭುಜ, ಸೊಂಟ ತಿದ್ದಿ ಸಾಕಾಗಿ ಬಂದು, ಅರೋಮಾಥೆರಪಿ ತರಗತಿಯೊಂದಕ್ಕೆ ಹೋಗಿ, ಕಂದುಗಾಜಿನ ಪುಟ್ಟ ಬಾಟಲಿಗಳನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಅತ್ತೆ, ಮನೇಲೇ ನಿಮ್ಮಂಥ ಗುರು ಇದ್ದಾರೆ, ನಾನು ದುಡ್ಡು ಕೊಟ್ಟು ಕಲಿಯೋಕೆ ಹೋದೆ ನೋಡಿ."

ಹೊಗಳಿಕೆ ಸಿಹಿಯಾಗಿತ್ತು. ಮೂಗಮ್ಮ ಕುರ್ಚಿ ಎಳೆದುಕೊಂಡು ಕೂತಳು. ಲ್ಯಾವೆಂಡರ್ ತೈಲವನ್ನು ಒಂದು ಕಾಗದದ ಮೇಲೆ ತೊಟ್ಟಿಕ್ಕಿಸಿದಳು, ಪಕ್ಕದಲ್ಲಿ ಬಾದಾಮಿ ಎಣ್ಣೆಯ ಒಂದು ಹನಿ. ಸ್ವಲ್ಪ ಹೊತ್ತಿಗೆ ಮೊದಲನೆಯದು ಹಾರಿಹೋಯಿತು, ಎರಡನೆಯದು ಜಿಡ್ಡಿನ ಕಲೆಯಾಗಿ ಕೂತಿತು.

"ಎರಡಕ್ಕೂ ಎಣ್ಣೆ ಅಂತಾರೆ, ಆದ್ರೆ ಜಾತಿ ಬೇರೆ ಕಣಮ್ಮ. ಈ ಪುಟ್ಟ ಬಾಟಲಿಯದು ಗಿಡದ ಸಾರ, ಹಬೆಯಲ್ಲಿ ಇಳಿಸಿದ್ದು. ಬಲು ಖಡಕ್ಕು. ಹಾಗೇ ಮೈಗೆ ಹಚ್ಚಿದ್ರೆ ಚರ್ಮ ಸುಟ್ಟೀತು. ಅದನ್ನ ಹೊತ್ಕೊಂಡು ಹೋಗೋಕೆ ಬೀಜದ ಎಣ್ಣೆ ಬೇಕು, ನಿಮ್ಮ ಕ್ಯಾರಿಯರ್ ಆಯಿಲ್ ಅಂದ್ರೆ ಅದೇ. ಒಂದು ಚಮಚ ಎಣ್ಣೆಗೆ ಒಂದೆರಡು ತೊಟ್ಟು ಸಾಕು. ಮದುಮಗಳು ಒಬ್ಬಳೇ, ಹೊರೋರು ಹತ್ತು ಜನ, ತಿಳೀತಾ?"

ಸೊಸೆ ನಕ್ಕಳು. "ಹಾಗಾದ್ರೆ ಹೊರೋರು ಕೆಟ್ಟೋಗಲ್ವಾ?"

"ಅವರೇ ಮೊದಲು ಕೆಡೋದು. ಶಾಖ, ಬೆಳಕು ತಾಗಿದ್ರೆ ಬೀಜದ ಎಣ್ಣೆ ಕಮಟು ಹಿಡಿಯುತ್ತೆ."

ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಲೆಯೊಳಗಿನದು ಎಲ್ಲಿಗೂ ಹೋಗಿರಲಿಲ್ಲವಲ್ಲ.

ಸೊಸೆಯ ವಿಭಾಗದ ಹಿರಿಯ ಮೇಡಂ ನಿವೃತ್ತರಾಗುವ ವಾರ ಬಂತು. ಅವರ ಬೆರಳುಗಳ ಗಂಟು ನೋವಿಗೆ ತಿಕ್ಕಿಕೊಳ್ಳಲೆಂದು ಒಂದು ಬಾಟಲಿ, ಜೊತೆಯವರಿಗೆ ಒಂದೊಂದು ಚಿಕ್ಕ ಬಾಟಲಿ, ಎಲ್ಲ ತನ್ನ ಕೈಯಾರೆ ಮಾಡಬೇಕೆಂದು ಸೊಸೆಗೆ ಆಸೆ. ಆದರೆ ಅವಳಿಗೆ ಜೋರು ನೆಗಡಿ. ಮೂಗು ಸಂಪೂರ್ಣ ಕಟ್ಟಿಹೋಗಿತ್ತು. ಬಾದಾಮಿ ಎಣ್ಣೆಯ ಡಬ್ಬಿಯನ್ನು ಅತ್ತೆಯ ಮುಂದೆ ಹಿಡಿದಳು.

"ಬೇಸಿಗೇಲಿ ಸೀಲ್ ಒಡೆದಿದ್ದು. ಒಲೆ ಪಕ್ಕದ ಕಿಟಕೀಲಿತ್ತು. ನನಗಂತೂ ಏನೂ ಗೊತ್ತಾಗ್ತಿಲ್ಲ, ನೀವೇ ನೋಡಿ ಹೇಳಿ ಅತ್ತೆ."

ಮೂಗಮ್ಮ ಮುಚ್ಚಳ ತೆಗೆದಳು. ಹಳೆಯ ರೂಢಿಯಂತೆ ಕಣ್ಣು ಮುಚ್ಚಿ, ತಲೆ ಕೊಂಚ ಓರೆ ಮಾಡಿ, ಉಸಿರೆಳೆದಳು. ತಣ್ಣನೆಯ ಗಾಳಿ ಒಳಗೆ ಹೋಯಿತು, ಬೆಚ್ಚಗಾಗಿ ಹೊರಗೆ ಬಂತು. ಅಷ್ಟೇ. "ಗೊತ್ತಾಗ್ತಿಲ್ಲ" ಎನ್ನುವ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಒಣಗಿತು.

"ಚೆನ್ನಾಗಿದೆ. ಈಗಷ್ಟೇ ಹಿಂಡಿದ ಹಾಗಿದೆ" ಎಂದಳು.

ಬೀಳ್ಕೊಡುಗೆಗೆ ಮನೆಯವರನ್ನೂ ಕರೆದಿದ್ದರು. ವ್ಯಾಯಾಮದ ಮಂಚಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಸೊಸೆ ಬಾಟಲಿ ಹಂಚುತ್ತಾ, ಕಟ್ಟಿದ ಮೂಗಿನ ದನಿಯಲ್ಲೇ ಹೆಮ್ಮೆಯಿಂದ ಹೇಳಿದಳು: "ಇದನ್ನ ಪಾಸ್ ಮಾಡಿದ್ದು ನಮ್ಮ ಅತ್ತೆ. ಸಾಬೂನು ಕಾರ್ಖಾನೆಯ ಮೂಗಮ್ಮ ಅಂದ್ರೆ ಇವರೇ!" ಚಪ್ಪಾಳೆ ಬಿತ್ತು. ಹಿರಿಯ ಮೇಡಂ ಅಂಗೈ ತುಂಬ ಎಣ್ಣೆ ಸುರಿದುಕೊಂಡು ಎರಡೂ ಕೈ ತಿಕ್ಕಿ ಮುಖದ ಬಳಿ ತಂದರು. ಅವರ ನಗು ಹಾಗೇ ಇತ್ತು, ಆದರೆ ಮೂಗಿನ ಹೊಳ್ಳೆಗಳು ಮುಚ್ಚಿಕೊಂಡವು. ಪಕ್ಕದವಳು ಬಾಟಲಿ ತೆರೆದವಳೇ ಮುಖ ಹಿಂದೆ ಎಳೆದಳು. ಏನೂ ತಿಳಿಯದ ಸೊಸೆ ಮಾತ್ರ, "ರಾತ್ರಿ ಮಲಗೋ ಮುಂಚೆ ಹಚ್ಕೊಳ್ಳಿ ಮೇಡಂ, ಒಳ್ಳೆ ನಿದ್ದೆ ಬರುತ್ತೆ" ಎನ್ನುತ್ತಲೇ ಇದ್ದಳು. ಹಿಂದಿನ ಸಾಲಿನಿಂದ ಯಾರೋ, "ನಿದ್ದೆ ಅಲ್ಲ, ಪ್ರಜ್ಞೆ ತಪ್ಪುತ್ತೆ. ಕರಿದ ಎಣ್ಣೆನ ತಿಂಗಳುಗಟ್ಟಲೆ ಇಟ್ಟ ಹಾಗಿದೆ" ಎಂದರು. ನಗು ಹಬ್ಬಿತು. ಮೇಡಂ, "ಕೈ ತೊಳ್ಕೊಂಡು ಬಂದೆ" ಎಂದು ಎದ್ದರು.

ಸೊಸೆ ತಿರುಗಿ ಅತ್ತೆಯನ್ನು ನೋಡಿದಳು. ಎಲ್ಲರೂ ನೋಡಿದರು.

"ನಾನು ನೋಡಿದಾಗ ಚೆನ್ನಾಗೇ ಇತ್ತಪ್ಪ" ಎಂದಳು ಮೂಗಮ್ಮ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಬೆರೆಸೋವಾಗ ಇವಳೇ ಏನೋ ಎಡವಟ್ಟು ಮಾಡ್ಕೊಂಡಿರಬೇಕು."

ಸೊಸೆ ಒಬ್ಬೊಬ್ಬರ ಕೈಯಿಂದಲೂ ಬಾಟಲಿ ವಾಪಸ್ ಪಡೆದು ಚೀಲಕ್ಕೆ ತುಂಬಿದಳು. ಬಸ್ಸಿನಲ್ಲಿ ಆ ಚೀಲ ಇಬ್ಬರ ನಡುವೆ ಕಿಣಿಕಿಣಿ ಎನ್ನುತ್ತಾ ಬಂತು. ಮನೆ ಸೇರಿ ಡಬ್ಬಿಯನ್ನು ಹೊರಗಿಡುವಾಗ ಸೊಸೆ ಮೆಲ್ಲಗೆ, "ನಾನೇ ಮುಚ್ಚಳ ಸರಿಯಾಗಿ ಹಾಕಿರಲಿಲ್ಲವೇನೋ. ಸಾರಿ ಅತ್ತೆ, ನಿಮಗೂ ಅವಮಾನ ಆಯ್ತು" ಎಂದಳು.

ಮೂಗಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ನನಗೆ ವಾಸನೆ ಬರಲ್ಲ ಕಣೇ" ಎಂದಳು. "ಜ್ವರ ಬಂದಿತ್ತಲ್ಲ, ಅವತ್ತಿಂದ."

ಸೊಸೆ ಡಬ್ಬಿ ಬಿಟ್ಟು ತಿರುಗಿದಳು. "ಅಂದ್ರೆ, ಅಷ್ಟು ಜನರ ಮುಂದೆ ನನ್ನ ಮೇಲೆ ಹಾಕಿದಾಗ್ಲೂ ನಿಮಗೆ ಗೊತ್ತಿತ್ತು."

"ಹೂಂ."

ಸೊಸೆಯ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಉಪ್ಪು ಕೊಡಿ, ನಲ್ಲಿ ನಿಲ್ಲಿಸಿ ಎಂಬಷ್ಟೇ ಮಾತು.

ಒಂದು ಬೆಳಿಗ್ಗೆ ಮೂಗಮ್ಮ ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು. ಸೊಸೆ ರೋಗಿಯೊಬ್ಬನ ಕಾಲಿಗೆ ತೂಕ ಕಟ್ಟುತ್ತಿದ್ದಳು, ಜೊತೆಯವರೆಲ್ಲ ಇದ್ದರು. ಮೂಗಮ್ಮ ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಅವತ್ತು ತಪ್ಪು ಇವಳದ್ದಲ್ಲ, ನನ್ನದು. ನನ್ನ ಮೂಗು ಸತ್ತಿದೆ. ಮರ್ಯಾದೆ ಹೋಗುತ್ತೆ ಅಂತ ಸುಳ್ಳು ಹೇಳಿದೆ."

ಕಾಲು ಮೇಲೆತ್ತಿಕೊಂಡಿದ್ದ ರೋಗಿ, "ಈಗ ಇಳಿಸ್ಲಾ ಇದನ್ನ?" ಎಂದು ಕೇಳಿದ. ಸೊಸೆಯ ಮುಖ ಕೆಂಪಾಯಿತು. ಹೊರಗೆ ಕರೆತಂದು, "ಇಲ್ಲಿಗೆ ಯಾಕೆ ಬರೋಕೆ ಹೋದ್ರಿ? ಮರೆತಿದ್ದೋರಿಗೂ ನೆನಪು ಮಾಡಿದ್ರಿ" ಎಂದು ಸಿಡುಕಿದಳು. ಅದೂ ನಿಜವೇ. ಮೂಗಮ್ಮ ತಲೆ ತಗ್ಗಿಸಿದಳು. ಸೊಸೆ ನಿಟ್ಟುಸಿರು ಬಿಟ್ಟು, "ಬಂದಿದ್ದೀರಲ್ಲ, ಕಿವಿ ಮೂಗು ಗಂಟಲು ಡಾಕ್ಟ್ರು ಮೇಲಿನ ಮಹಡೀಲಿದ್ದಾರೆ. ನಡೀರಿ" ಎಂದು ರಟ್ಟೆ ಹಿಡಿದಳು.

ಡಾಕ್ಟರು ಭರವಸೆಯನ್ನೇನೂ ಕೊಡಲಿಲ್ಲ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ತೈಲಗಳನ್ನು ದಿನಕ್ಕೆರಡು ಸಲ, ಆ ವಾಸನೆಯನ್ನು ನೆನಪಿಸಿಕೊಳ್ಳುತ್ತಾ ಮೂಸಬೇಕು, ತಿಂಗಳುಗಟ್ಟಲೆ. ಬಂದರೆ ಬಂತು ಎಂದರು. ಸೊಸೆಯೇ ಬಾಟಲಿ ಹಿಡಿಯುತ್ತಿದ್ದಳು, ಮೊದಮೊದಲು ಮಾತಿಲ್ಲದೆ. ಬಹಳ ದಿನಗಳ ಮೇಲೆ ಲವಂಗ ಮೂಸಿದಾಗ ಸುಟ್ಟ ರಬ್ಬರಿನಂಥದ್ದೇನೋ ಎಳೆಯಾಗಿ ತಾಗಿತು.

"ರಬ್ಬರಾ?" ಸೊಸೆ ಕಣ್ಣರಳಿಸಿದಳು. "ಇರಲಿ ಬಿಡಿ ಅತ್ತೆ, ಏನೋ ಒಂದು ಬಂತಲ್ಲ."

ಮತ್ತೊಮ್ಮೆ ಅವಳು ಮೇಡಂಗೆಂದು ಹೊಸ ಎಣ್ಣೆ ತಂದಳು. ಮೂಗಮ್ಮ ಒಳಕೋಣೆಯಲ್ಲಿದ್ದಳು. ಸೊಸೆ ಡಬ್ಬಿ ಹಿಡಿದು ಹೊರಬಾಗಿಲಲ್ಲಿ ನಿಂತು, ಎದುರು ಮನೆಯವಳನ್ನು, "ಸ್ವಲ್ಪ ಮೂಸಿ ನೋಡಿ ಅಕ್ಕಾ, ಸರಿಯಾಗಿದೆಯಾ?" ಎಂದು ಕೇಳುವುದು ಸ್ಪಷ್ಟವಾಗಿ ಕೇಳಿಸಿತು. ಕೆನ್ನೆ ಬಿಸಿಯಾಯಿತು. ಎದುರು ಮನೆಯವಳಿಗೆ ಬಾದಾಮಿಗೂ ಎಳ್ಳಿಗೂ ವ್ಯತ್ಯಾಸ ಗೊತ್ತಿಲ್ಲವೆಂದು ಕೂಗಿ ಹೇಳಬೇಕೆನ್ನಿಸಿತು. ಹಾಸಿಗೆಯ ಅಂಚಿನಲ್ಲಿ ಕೂತು ಆ ಬಿಸಿ ಇಳಿಯುವವರೆಗೂ ಕಾದಳು. ಆಮೇಲೆ ಅಡುಗೆಮನೆಗೆ ಹೋಗಿ, ಸೊಸೆ ಎಣ್ಣೆ ಸುರಿಯುವಾಗ ಚೆಲ್ಲದಂತೆ ಬಾಟಲಿಯ ಬಾಯಿಗೆ ಆಲಿಕೆ ಹಿಡಿದು ನಿಂತಳು.