ಎತ್ತುವವರು ಯಾರು?

ಶೋರೂಮಿನ ಗಾಜಿನ ಬಾಗಿಲು ತೆರೆದಾಗ ಮಿಕ್ಕ ಮಾರಾಟಗಾರರೆಲ್ಲ ಬಂದವರ ಬೂಟು, ಕೈಗಡಿಯಾರ ನೋಡುತ್ತಿದ್ದರೆ, ಗೇಣಕ್ಕ ಮಾತ್ರ ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ಬರುವ ಹೆಂಗಸಿನ ಸೊಂಟ ನೋಡುತ್ತಿದ್ದಳು. ಯಾವ ಕಾಲಿಗೆ ಭಾರ ಕೊಟ್ಟು ನಿಲ್ಲುತ್ತಾಳೆ, ಕೂರುವಾಗ ಕುರ್ಚಿಯ ಕೈ ಹಿಡಿಯುತ್ತಾಳೆಯೇ, ಇಷ್ಟು ಕಂಡರೆ ಸಾಕು, ಆ ಮನೆಗೆ ಎಂಥ ಕಾರು ಬೇಕೆಂದು ಅವಳಿಗೆ ತಿಳಿದುಬಿಡುತ್ತಿತ್ತು. ಬೇರೆಯವರು ಬಾನೆಟ್ ಎತ್ತಿ ಎಂಜಿನ್ನಿನ ಪ್ರತಾಪ ಹೇಳಿದರೆ ಅವಳು ಮೊದಲು ಡಿಕ್ಕಿ ತೆರೆದು, ಅದರ ಅಂಚು ನೆಲದಿಂದ ಎಷ್ಟು ಎತ್ತರವೆಂದು ಗೇಣು ಹಾಕಿ ತೋರಿಸಿ, ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಎತ್ತೋರು ಯಾರು?" ಆ ಗೇಣಿನಿಂದಲೇ ಆ ಹೆಸರು. ಇಟ್ಟವರು ನಗಲಿಕ್ಕೆಂದು ಇಟ್ಟದ್ದು. ಅವಳು ಅದನ್ನು ಬಿರುದಿನ ಹಾಗೆ ತೊಟ್ಟುಕೊಂಡಳು.

ನಡೆಯುವಾಗ ತುಸು ಎಡಕ್ಕೆ ವಾಲುತ್ತಿದ್ದಳು. ಹಾಸಿಗೆ ಹಿಡಿದ ಅತ್ತೆಯನ್ನು ಒಂಬತ್ತು ವರ್ಷ ಎಬ್ಬಿಸಿ, ಕೂರಿಸಿ, ತೊಳೆದು, ಮಲಗಿಸಿದ ಸೊಂಟ ಅದು. ಕಂಪನಿಯ ನೀಲಿ ಕೋಟಿನ ಎಡಮಗ್ಗುಲು ಕಾರುಗಳಿಗೆ ಒರಗಿ ಒರಗಿ ಸವೆದು ಮಿರುಗುತ್ತಿತ್ತು. ಜೇಬಿನಲ್ಲಿದ್ದ ನೋವಿನ ಮುಲಾಮಿನ ವಾಸನೆಗೆ ಜೊತೆಯವರು ಮೂಗು ಮುಚ್ಚಿಕೊಂಡರೆ, ಬಂದ ಹೆಂಗಸರು ಗುರುತಿನವರು ಸಿಕ್ಕಂತೆ ಹತ್ತಿರ ಸರಿಯುತ್ತಿದ್ದರು.

ಆ ವರ್ಷ ಕಂಪನಿ ಹೊಸ ಸ್ಟೇಷನ್ ವ್ಯಾಗನ್ ತಂದಿತು. ನೆಲಕ್ಕೆ ಹತ್ತಿರ, ಹಿಂದಕ್ಕೆ ಉದ್ದ, ಡಿಕ್ಕಿಯ ಅಂಚು ಮೊಣಕಾಲಿಗಿಂತ ತುಸು ಮೇಲೆ, ಅಷ್ಟೆ. ಜನಕ್ಕೆ ಹಿಡಿಸುತ್ತದೋ ಇಲ್ಲವೋ ಎಂದು ತಿಳಿಯಲು ಶೋರೂಮಿಗೊಂದರಂತೆ ಕಳಿಸಿ, ಬಂದವರ ಅಭಿಪ್ರಾಯ ಬರೆಯಲು ಒಂದು ನಮೂನೆಯನ್ನೂ ಕೊಟ್ಟಿದ್ದರು. ಗೇಣಕ್ಕನಿಗೆ ಅದು ತನಗಾಗಿಯೇ ಯಾರೋ ಮಾಡಿಸಿದ ಕಾರಿನಂತೆ ಕಂಡಿತು. ಬೆಳಿಗ್ಗೆ ಬಂದೊಡನೆ ತಾನೇ ಒರೆಸುತ್ತಿದ್ದಳು. ಗಂಡಸರು ಮಾತ್ರ ಅದನ್ನು ದಾಟಿಕೊಂಡು ಹೋಗಿ, ಏಣಿ ಬೇಕಾಗುವಂಥ ಎತ್ತರದ ಕಾರುಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಒಬ್ಬ ಗಿರಾಕಿ ಅವಳ ಪ್ರಶ್ನೆಗೆ ಮುನಿದು ಎದ್ದುಹೋದ ಮೇಲೆ ಮ್ಯಾನೇಜರ್ ಕರೆದು, "ಗಂಡ ಹೆಂಡಿರ ಜಗಳಕ್ಕೆ ನಾವು ಜಾಗ ಬಾಡಿಗೆ ಕೊಟ್ಟಿಲ್ಲ ಗೇಣಕ್ಕ. ಅದನ್ನ ಕೇಳೋದು ಬಿಡಿ," ಎಂದರು. ಅವಳು ತಲೆಯಾಡಿಸಿದಳು, ಬಿಡಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಹೆಂಗಸೊಬ್ಬಳು ಒಬ್ಬಳೇ ಬಂದಳು. ಜೊತೆಗೆ ಅತ್ತೆಯ ಗಾಲಿಕುರ್ಚಿ ತಂದಿದ್ದಳು. ಬಟ್ಟೆ ಅಂಗಡಿಗೆ ಅಳತೆ ರವಿಕೆ ಒಯ್ಯುವ ಹಾಗೆ. ಎತ್ತೋರು ಯಾರು ಎಂದದ್ದಕ್ಕೆ, "ನಾನೇ, ಇನ್ಯಾರು?" ಎಂದಳು. ಕುರ್ಚಿಯನ್ನು ಮಡಚಿ ಒಂದೇ ದಮ್ಮಿಗೆ ವ್ಯಾಗನ್ನಿನೊಳಗೆ ಜಾರಿಸಿದಳು. ಮತ್ತೆ ತೆಗೆದಳು. ಮತ್ತೆ ಇಟ್ಟಳು. ಆಮೇಲೆ ಗೇಣಕ್ಕನ ಕೋಟಿನ ತೋಳು ಹಿಡಿದು ಹೇಳಿದಳು:

"ಭಾನುವಾರ ನಮ್ಮನೆಯವರನ್ನ ಕರ್ಕೊಂಡು ಬರ್ತೀನಿ. ನಾನು ಹೇಳಿದ್ರೆ ಗೊಣಗಾಟ ಅಂತಾರೆ. ಅವರ ಮುಂದೆ ನೀವೇ ಈ ಪ್ರಶ್ನೆ ಕೇಳಬೇಕು, ಅಕ್ಕ."

ಕೇಳುತ್ತೇನೆ ಎಂದು ಗೇಣಕ್ಕ ಮಾತು ಕೊಟ್ಟಳು.

ಭಾನುವಾರ ಬಂದ ಗಂಡ ಕೆಟ್ಟವನಲ್ಲ, ನಗುಮುಖದ ಮಾತುಗಾರ. ವ್ಯಾಗನ್ನನ್ನು ಒಂದು ಸುತ್ತು ಹಾಕಿ, "ಹೆಣ ಸಾಗಿಸೋ ಗಾಡಿ ಇದ್ದಂಗಿದೆ. ಅಮ್ಮ ಇದನ್ನ ನೋಡಿದ್ರೆ ಹೆದರಿಕೊಂಡೇ ಎದ್ದು ಓಡ್ತಾಳೆ, ಕುರ್ಚಿನೇ ಬೇಡ," ಎಂದ. ಮಾರುದೂರದಲ್ಲಿ ನಿಂತಿದ್ದ ಮ್ಯಾನೇಜರ್ ನಕ್ಕರು, ಸುತ್ತಲಿದ್ದವರು ನಕ್ಕರು. ಗೇಣಕ್ಕ ಹೆಂಡತಿಯ ಕಡೆ ತಿರುಗಿದಳು. ಅವಳೂ ನಗುತ್ತಿದ್ದಳು. ಸೊಂಟ ನೋಡಿ ಮನೆ ಓದುತ್ತಿದ್ದವಳು ಅವತ್ತೊಂದು ದಿನ ಮುಖ ನೋಡಿದಳು. ಆ ನಗುವನ್ನು ಒಪ್ಪಿಗೆಯೆಂದುಕೊಂಡು, ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿ, ತಾನೂ ನಕ್ಕು, ಎತ್ತರದ ಕಾರಿನ ಬಾಗಿಲು ತೆರೆದಳು. ನಮೂನೆಯಲ್ಲಿ ಗಿರಾಕಿಯ ಹೆಸರಿಗೆ ಒಂದೇ ಗೆರೆಯಿತ್ತು. ಗಂಡನ ಹೆಸರು ಬರೆದಳು. ಕೆಳಗೆ, "ಸ್ಟೇಷನ್ ವ್ಯಾಗನ್ ಹಿಡಿಸಲಿಲ್ಲ" ಎಂದು ದುಂಡಗೆ ಬರೆದಳು. ಅಂಥ ನಮೂನೆಗಳನ್ನೆಲ್ಲ ಓದಿದ ಕಂಪನಿ, ಈ ಕಾರಿಗೆ ಬೇಡಿಕೆಯಿಲ್ಲವೆಂದು ಮೂರು ತಿಂಗಳಲ್ಲಿ ಅದನ್ನು ವಾಪಸ್ಸು ಕರೆಸಿಕೊಂಡಿತು.

ಆ ಹೆಂಗಸು ಮತ್ತೆ ಕಂಡದ್ದು ಅವರು ಕೊಂಡ ಆ ಎತ್ತರದ ಕಾರು ಸರ್ವಿಸಿಗೆ ಬಂದಾಗ. ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದಿದ್ದಳು. ಡಿಕ್ಕಿಯಿಂದ ಒಂದು ಮರದ ಮಣೆ ತೆಗೆದು ನೆಲಕ್ಕಿಟ್ಟು, ಅದರ ಮೇಲೆ ಹತ್ತಿ ಗಾಲಿಕುರ್ಚಿಗೆ ಕೈ ಹಾಕಿದಳು. ಗೇಣಕ್ಕ ಓಡಿಹೋಗಿ ಇನ್ನೊಂದು ಮಗ್ಗುಲು ಹಿಡಿದಳು. ಇಬ್ಬರೂ ಸೇರಿ ಕುರ್ಚಿ ಇಳಿಸಿದ ಮೇಲೆ ಅವಳು, ಸಿಟ್ಟೇನೂ ಇಲ್ಲದೆ, "ಅವತ್ತು ನೀವು ಕೇಳ್ತೀರಿ ಅಂತ ಕಾಯ್ತಾ ನಿಂತಿದ್ದೆ," ಎಂದಳು. ಎಲ್ಲರೂ ನಗುವಾಗ ತಾನೊಬ್ಬಳು ಮುಖ ಬಿಗಿದುಕೊಂಡಿರುವುದು ಹೇಗೆ ಎಂದೂ ಸೇರಿಸಿದಳು. ಗೇಣಕ್ಕ ಆ ಮಣೆಯ ಎತ್ತರವನ್ನೇ ನೋಡುತ್ತಿದ್ದಳು. ಸರಿಯಾಗಿ ಒಂದು ಗೇಣು.

ಆಮೇಲೆಯೂ ಅವಳು ಪ್ರತಿಯೊಬ್ಬರನ್ನೂ ಆ ಪ್ರಶ್ನೆ ಕೇಳಿದಳು, ಮ್ಯಾನೇಜರ್ ಎದುರಿಗೇ. ತೋರಿಸಲು ಆ ವ್ಯಾಗನ್ ಮಾತ್ರ ಇರಲಿಲ್ಲ.

ಹೊತ್ತವರಿಗೆ ಹೊರುವವರ ಗುರುತು ದೂರದಿಂದಲೇ ಸಿಗುತ್ತದೆ. ಆದರೆ ಹೊರುವುದನ್ನು ಕಲಿಸಿದ ಮನೆಗಳೇ, ನಗುವವರ ಜೊತೆ ನಗುವುದನ್ನೂ ಇವರಿಗೆ ಕಲಿಸಿರುತ್ತವೆ. ನೂರು ಸಲ ಬಾಯಿಬಿಟ್ಟು ಕೇಳಿದ್ದು ಇಂಥವರಿಗೆ ನೆನಪಿರುವುದಿಲ್ಲ. ನುಂಗಿದ ಒಂದು ಸಲ, ಎತ್ತಿಡಲು ಜಾಗ ಸಿಗದ ಭಾರದ ಹಾಗೆ, ಕೊನೆಯವರೆಗೂ ಸೊಂಟದಲ್ಲೇ ಉಳಿಯುತ್ತದೆ.