ಚೌಕದ ಪಾದಗಲ್ಲು

ನಾನು ಒಂದು ಕರಿಕಲ್ಲು. ಘಟ್ಟದ ಬಂಡೆಯಿಂದ ನನ್ನನ್ನು ಸೀಳಿ ಈ ಬಂದರು ಊರಿನ ಚೌಕದಲ್ಲಿ ನೆಟ್ಟವರು ಹಡಗಿನ ವ್ಯಾಪಾರಿಗಳು. ಆಫ್ರಿಕಾದಿಂದ ತಂದ ಮನುಷ್ಯರನ್ನು ನನ್ನ ಮೇಲೆ ನಿಲ್ಲಿಸಿ ಮಾರುತ್ತಿದ್ದರು. ಕೊಳ್ಳುವವರಿಗೆ ಬೆನ್ನೂ ಕಾಣಲೆಂದು ಅವರು ನಿಂತಲ್ಲೇ ತಿರುಗಬೇಕಿತ್ತು. ತಿರುಗಿ ತಿರುಗಿ ನನ್ನ ಮೈಯಲ್ಲಿ ಎರಡು ಕುಳಿ ಬಿದ್ದವು.

ನನಗೆ ಮುಖಗಳು ಗೊತ್ತಿಲ್ಲ, ಅಂಗಾಲುಗಳು ಗೊತ್ತು. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ನಿಂತಳು. ಬಿಸಿಲಿಗೆ ನಾನು ಕಾದಿದ್ದೆ; ಅವಳು ಒಂದು ಪಾದವನ್ನೆತ್ತಿ ಇನ್ನೊಂದರ ಮೇಲಿಟ್ಟುಕೊಂಡಳು. ಘಟ್ಟದ ಮೇಲಿನವರು ಅವಳನ್ನು ಕೊಂಡರು. ಆಮೇಲೆ ನಿಂತವಳು ಅವಳ ತಾಯಿ. "ಅತುಪೇ!" ಎಂದು ಮಗಳ ಹೆಸರು ಕೂಗಿದಳು. ಕೂಗಿದಾಗಲೆಲ್ಲ ಅವಳ ಹಿಮ್ಮಡಿ ನನ್ನನ್ನು ಒತ್ತುತ್ತಿತ್ತು. ಉತ್ತರ ಬರಲಿಲ್ಲ. ತಾಯಿಯನ್ನು ದೋಣಿ ಹತ್ತಿಸಿದರು. ಕೂಗು ನನ್ನಲ್ಲೇ ಉಳಿಯಿತು.

ಆ ವ್ಯಾಪಾರ ನಿಂತಿತು. ಮೀನಿನ ಹೆಂಗಸರು ನನ್ನ ಮೇಲೆ ಕತ್ತಿ ಮಸೆದರು. ಭಾಷಣದವರು ಬೂಟು ಹಾಕಿಕೊಂಡು ಹತ್ತಿ ಇಳಿದರು. ಬಸ್ಸು ಬಂತು, ಡಾಂಬರು ಬಂತು. ಎಲ್ಲವನ್ನೂ ಮರೆತ ಮೇಲೆ ಊರು ನನ್ನ ಕುಳಿಗಳನ್ನು ದೇವರ ಪಾದವೆಂದಿತು. ಕುಂಕುಮ ಹಚ್ಚಿ, ಬಂದವರೆಲ್ಲ ಹಣೆ ಮುಟ್ಟಿಸಿದರು. ಹಣೆ ಹಗುರ. ನನಗೆ ಬೇಕಿದ್ದುದು ಒಂದು ಕಾಲಿನ ಭಾರ.

ಕಳೆದ ತಿಂಗಳು ಯಲ್ಲಾಪುರದ ಕಡೆಯ ಆಫ್ರಿಕಾ ಮೂಲದ ಸಿದ್ದಿ ಹೆಂಗಸೊಬ್ಬಳು ಬಂದಳು. ರೊಸಾರಿ ಎಂದು ಹೆಸರು. ಕುಂಕುಮವನ್ನು ಸೆರಗಿನಿಂದ ಒರೆಸಿ, ಚಪ್ಪಲಿ ಬಿಟ್ಟು, ಕುಳಿಯೊಳಗೆ ಕಾಲಿಟ್ಟಳು.

ಹೂ ಮಾರುವ ಮಾದೇವಿ ಚೀರಿದಳು. "ಏ ಹೆಣ್ಣೇ, ಕಣ್ಣು ಕಾಣೂದಿಲ್ವೇನೆ? ದೇವರ ಪಾದ ಅದು!"

"ದೇವರಿಗೆ ಇಷ್ಟು ಗುಂಡು ಪಾದ ಇರ್ತದಾ ಅಕ್ಕ? ಮಾರೂಕೆ ನಿಲ್ಲಿಸಿದಾಗ ನಮ್ಮವ್ರು ತಿರುಗಿ ತಿರುಗಿ ಸವೆಸಿದ್ದು."

"ಯಾರೆ ನಿಂಗೆ ಹೇಳಿದ್ದು?"

"ನಮ್ಮಜ್ಜಿ. ಹಿರಿಯರ ಪೂಜೆ ದಿನ ನಮ್ಮನೆ ಹೆಣ್ಮಕ್ಕಳು ಅಂಗಳದ ಕಲ್ಲಿನ ಮೇಲೆ ನಿಂತು 'ಓ' ಅಂತೇವೆ, ಯಾರೂ ಕರೀದಿದ್ರೂ. ಮೂಲದ ಅಜ್ಜಿ ಅತುಪೆ. ಅವಳವ್ವ ಇಲ್ಲಿಂದ ಕರೀತಿದ್ಲಂತೆ. ಕೊಂಡವ್ರು ಮಗೂನ ಬಾಯಿ ಮುಚ್ಚಿದ್ರಂತೆ."

ಮಾದೇವಿ ಹೂವಿನ ಬುಟ್ಟಿ ಕೆಳಗಿಟ್ಟಳು. "ಹಾಗಾದ್ರೆ ನಾ ಇಷ್ಟು ವರ್ಷ ಏರಿಸಿದ ಹೂವು?"

"ಸೇರಬೇಕಾದವ್ರಿಗೇ ಸೇರಿದೆ ಬಿಡು."

ರೊಸಾರಿ ಕಡಲಿನ ಕಡೆ ತಿರುಗಿದಳು. ಹಿಮ್ಮಡಿಯೂರಿ, ಗಂಟಲು ಬಿಟ್ಟು, "ಓ!" ಎಂದಳು. ಬಸ್ಸಿಗೆ ಕಾದವರೆಲ್ಲ ಕತ್ತೆತ್ತಿರಬೇಕು.

ಅವಳು ಹೋದ ಮೇಲೂ ಕುಳಿಯಲ್ಲಿ ಅಂಗಾಲಿನ ಬಿಸಿ ಇತ್ತು. ನಾನು ಹಳಬ, ಅಂಚು ಒಡೆದಿದೆ, ಬಿರುಕಿನಲ್ಲಿ ಹುಲ್ಲು ಹುಟ್ಟಿದೆ. ಈಗ ಬಂದರಿನಲ್ಲಿ ದೋಣಿಯ ಸದ್ದಾದರೆ ಕಿವಿಗೊಡುತ್ತೇನೆ. ಮಗಳು ಓಗೊಟ್ಟಿದ್ದಾಳೆ ಎಂದು ಆ ತಾಯಿಗೆ ಇನ್ನೂ ಯಾರೂ ಹೇಳಿಲ್ಲ.