ಎಡಗಾಲು ಬಾಕಿ

"ಮಲಗು ಅಂದ್ರೆ ಮಲಗುದು ಚನಿಯಾರು. ನಿನ್ನ ಮೈಯೆಂತ ಬಂಗಾರದ್ದಾ, ಸವೆದು ಹೋಗ್ಲಿಕ್ಕೆ?"

ಪರದೆಯ ಆಚೆಯಿಂದ ಕುಶಾಲಪ್ಪ ಗೌಡರು ನನಗೆ ಕೂಗಿ ಹೇಳಿದರು. ನನ್ನ ಕೈಯಲ್ಲಿ ಇನ್ನೂ ನೆಲ ಒರೆಸುವ ಬಟ್ಟೆ ಇತ್ತು. ಒಳಗೆ ಅವರ ಸೊಸೆ ಭವಿತಕ್ಕ ಮಸಾಜಿನ ಮಂಚದ ಪಕ್ಕ ಅಡಿಕೋಲು ಹಿಡಿದು ನಿಂತಿದ್ದರು. ಕೆಲಸಕ್ಕೆ ಸೇರಿದ ಮೂರು ಹುಡುಗಿಯರಿಗೆ ಕಲಿಸಲಿಕ್ಕೆ ಒಂದು ಮೈ ಬೇಕಿತ್ತು. ಗೌಡರ ಮನೆಯವರು ಯಾರೂ ಪರರ ಎದುರು ಬೆನ್ನು ಬಿಚ್ಚಿ ಮಲಗುವುದಿಲ್ಲ, ಮಾನವಂತರು. ಅದಕ್ಕೆ ನನ್ನನ್ನು ಕರೆದರು.

ನೆಟ್ಟಣದಲ್ಲಿ ರೈಲಿಳಿದು ದೇವಸ್ಥಾನಕ್ಕೆ ಹೋಗುವವರನ್ನು ನಂಬಿ ಗೌಡರು ಈ ಮಸಾಜ್ ಸೆಂಟರ್ ಕಟ್ಟಿಸಿದ್ದು. ಹೆಸರು 'ಸ್ಪರ್ಶಾಮೃತ'. ಬೋರ್ಡಿನಲ್ಲಿ ಶುಗರಿನಿಂದ ಹಿಡಿದು ಹದಿನಾಲ್ಕು ಕಾಯಿಲೆಗಳ ಪಟ್ಟಿ. ಇಪ್ಪತ್ತೆಂಟು ವರ್ಷ ಈ ಊರಿನ ಬಾಣಂತಿಯರನ್ನು ಎಣ್ಣೆ ತಿಕ್ಕಿ ಮೀಯಿಸಿದವಳು ನಾನು. ತಿಕ್ಕಿದರೆ ಬಿಗಿದ ಮಾಂಸ ಸಡಿಲವಾಗುತ್ತದೆ, ನೋವು ಎರಡು ದಿನ ದೂರ ನಿಲ್ಲುತ್ತದೆ, ಒಳ್ಳೆ ನಿದ್ದೆ ಬರುತ್ತದೆ. ಶುಗರು ಹೋಗುವುದಿಲ್ಲ. ತಿಕ್ಕುವ ಕೆಲಸ ಕೇಳಲು ಬಂದ ದಿನ ಇದನ್ನು ಬಾಯಿಬಿಟ್ಟು ಹೇಳಿದೆ. "ನೀನೆಂತ ಡಾಕ್ಟ್ರಾ ಮೂದೇವಿ? ಸರ್ಟಿಫಿಕೇಟ್ ಉಂಟಾ ನಿನ್ನ ಹತ್ರ?" ಎಂದು ಗೌಡರು ನನ್ನ ಕೈಗೆ ಬಕೆಟ್ ಕೊಟ್ಟರು.

ಸರ್ಟಿಫಿಕೇಟ್ ಭವಿತಕ್ಕನದ್ದು ಉಂಟು, ಗಾಜು ಹಾಕಿಸಿ ಗೋಡೆಗೆ ತೂಗಿದ್ದಾರೆ. ಅವರ ಬಾಣಂತನದಲ್ಲಿ ನಲವತ್ತು ದಿನ ತಿಕ್ಕಿದ್ದು ನಾನೇ. ಊರಾಚೆಯ ದಲಿತರ ಕಾಲನಿಯವಳಾದ್ದರಿಂದ ಹಿತ್ತಿಲಿನಿಂದ ಬಂದು ಹಿತ್ತಿಲಿನಿಂದಲೇ ಹೋಗಬೇಕು. ಬಚ್ಚಲಿನೊಳಗೆ ಮಾತ್ರ ನನ್ನ ಕೈ ಅವರ ಮೈಯೆಲ್ಲ ಓಡಾಡಬಹುದು. ಮೀಯಿಸಿ ಆದ ಮೇಲೆ ಅವರು ತಾವೇ ಇನ್ನೆರಡು ಚೊಂಬು ನೀರು ಹೊಯ್ದುಕೊಳ್ಳುತ್ತಿದ್ದರು, ನನ್ನನ್ನು ತೊಳೆದುಕೊಳ್ಳಲಿಕ್ಕೆ. ಬಚ್ಚಲಿನ ಕಟ್ಟೆಯಲ್ಲಿ ಮೊಬೈಲ್ ಇಟ್ಟು ನನ್ನ ಕೈಯ ವಿಡಿಯೊ ತೆಗೆದದ್ದೂ ಆಗಲೇ. ನೆನಪಿಗೆ ಅಂದಿದ್ದರು. ಆ ವಿಡಿಯೊ ಕಳಿಸಿಯೇ ಸರ್ಟಿಫಿಕೇಟ್ ತರಿಸಿದ್ದು ಎಂದು ಆಮೇಲೆ ಗೊತ್ತಾಯಿತು.

ರವಿಕೆ ಬಿಚ್ಚಿ ಬೋರಲು ಮಲಗಿದೆ.

"ನೋಡಿ, ಇದು ನಮ್ಮ ಋಷಿಗಳ ವಿದ್ಯೆ. ಹೆಬ್ಬೆರಳಲ್ಲಿ ಜೋರಾಗಿ ಒತ್ತುದು, ಇಲ್ಲಿ," ಎಂದು ಭವಿತಕ್ಕ ಅಡಿಕೋಲಿನಿಂದ ನನ್ನ ಸೊಂಟಕ್ಕೆ ತಿವಿದು ತೋರಿಸಿದರು.

ನನಗೆ ಕಲಿಸಿದ್ದು ನನ್ನ ಅಮ್ಮ. ಅವಳಿಗೆ ಋಷಿಗಳ ಪೈಕಿ ಯಾರದ್ದೂ ಗುರ್ತ ಇರಲಿಲ್ಲ. ಮುಟ್ಟುವ ಕೆಲಸವನ್ನು ಮುಟ್ಟದೆ ಕಲಿಸುವ ಟೀಚರನ್ನು ನಾನು ನೋಡಿದ್ದು ಅದೇ ಮೊದಲು. ನಗು ಬಂತು, ಮಂಚಕ್ಕೆ ಮುಖ ಒತ್ತಿ ನುಂಗಿಕೊಂಡೆ.

"ಯಾರು ಶುರು ಮಾಡುದು?" ಎಂದರು ಭವಿತಕ್ಕ. ಒಬ್ಬಳಿಗೆ ಫೋನ್ ಬಂತು. ಇನ್ನೊಬ್ಬಳಿಗೆ ಬಾತ್‌ರೂಮಿಗೆ ಅವಸರ. ಉಳಿದವಳು ಹಸ್ನಾ, ಕಡಬ ಪೇಟೆಯ ಒಣಮೀನಿನ ಅಂಗಡಿಯವರ ಮಗಳು. ಅವಳು ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ನನ್ನ ಬೆನ್ನಿಗಿಟ್ಟಳು.

"ನೋಯ್ತದಾ ಅಕ್ಕ?"

"ಹೆಬ್ಬೆರಳು ಬೇಡ ಮಗಾ, ನಾಲ್ಕು ದಿನದಲ್ಲಿ ನಿನ್ನ ಬೆರಳೇ ಹೋಗ್ತದೆ. ಅಂಗೈಯ ಬುಡ ಇಡು. ಎಲುಬಿನ ಮೇಲಲ್ಲ, ಪಕ್ಕದಲ್ಲಿ. ಮೈಯ ಭಾರ ಬಿಡು, ಮೆಲ್ಲ."

"ಟೀಚರ್ ನಾನಾ ನೀನಾ? ಬಾಯಿ ಮುಚ್ಚಿ ಮಲಗು," ಎಂದರು ಭವಿತಕ್ಕ.

ಹಸ್ನಾ ಹೆಬ್ಬೆರಳು ತೆಗೆದು ಅಂಗೈ ಇಟ್ಟಳು. ಭುಜದ ಕೆಳಗೆ ಅವಳಿಗೆ ಒಂದು ಗಂಟು ಸಿಕ್ಕಿತು. ಗಡಿಬಿಡಿ ಮಾಡದೆ ಅಲ್ಲೇ ನಿಲ್ಲಿಸಿ ಕಾದಳು. ನನ್ನ ಉಸಿರು ತಾನಾಗಿ ಬಿಟ್ಟುಕೊಂಡಿತು. ಯಾವ ಮನೆಯ ಹಂಡೆ ನೀರು ಎತ್ತಿದ ಗಂಟೋ ಅದು. ನನ್ನ ಎರಡು ಬಾಣಂತನದಲ್ಲೂ ನನಗೆ ಎಣ್ಣೆ ತಿಕ್ಕಿದವರಿಲ್ಲ, ಅಮ್ಮ ಆಗಲೇ ಹೋಗಿದ್ದಳು. ಹೆತ್ತ ಹದಿನೈದನೆಯ ದಿನಕ್ಕೆ ಬೇರೆಯವರ ಬಚ್ಚಲಿನಲ್ಲಿ ತಿಕ್ಕುತ್ತಿದ್ದೆ. ಇಷ್ಟು ವರ್ಷ ಊರಿಗೆಲ್ಲ ನಾನು ಕೊಟ್ಟದ್ದು ಏನೆಂದು ಐವತ್ತೆರಡನೆಯ ವಯಸ್ಸಿಗೆ ಗೊತ್ತಾಯಿತು. ಮೊದಲು ಅಳು ಬಂತು. ಆಮೇಲೆ ಸಿಟ್ಟು ಬಂತು.

ಬಲಗಾಲು ಮುಗಿಯುವಾಗ ಹೊರಗೆ ಕಾರು ನಿಂತಿತು. ಸೆಂಟರಿನ ಮೊದಲ ಗಿರಾಕಿ, ಸುಳ್ಯದ ದೊಡ್ಡ ಗುತ್ತಿಗೆದಾರರ ಹೆಂಡತಿ.

"ಚನಿಯಾರು, ಏಳು. ಬೆಡ್‌ಶೀಟ್ ತೆಗ್ದು ಮಂಚ ತೊಳಿ ಬೇಗ," ಎಂದರು ಗೌಡರು ಪರದೆಯಾಚೆ.

"ಎಡಗಾಲು ಬಾಕಿ ಉಂಟು ಗೌಡ್ರೆ."



"ಎಂತ ಹೇಳಿದ್ದು ಬೇವರ್ಸಿ? ಈಗ ಏಳದಿದ್ರೆ ನಾಳೆಯಿಂದ ಕೆಲ್ಸಕ್ಕೆ ಬರುದು ಬೇಡ."

ಈ ಕೆಲಸ ಹೋದರೆ ನನಗೆ ಬೇರೆ ಇಲ್ಲ. ಊರಿನ ಬಾಣಂತಿಯರೂ ಇನ್ನು ಸರ್ಟಿಫಿಕೇಟ್ ನೋಡಿ ಇಲ್ಲಿಗೇ ಬರುವವರು. ಎಲ್ಲ ಗೊತ್ತಿದ್ದೇ ಹೇಳಿದೆ: "ಬರುದಿಲ್ಲ. ಮಲಗು ಅಂದದ್ದು ನೀವೇ. ಪೂರ್ತಿ ತಿಕ್ಕಿಸಿಯೇ ಏಳುದು ನಾನು."

"ಭವಿತಾ, ಎಳೆದು ಕೆಳಗೆ ಹಾಕು ಆ ರಂಡೆಯನ್ನು."

ಭವಿತಕ್ಕ ಹತ್ತಿರ ಬಂದು ಕೈ ಚಾಚಿದರು. ಎಣ್ಣೆ ಮೆತ್ತಿದ ನನ್ನ ಭುಜದಿಂದ ಒಂದು ಗೇಣು ಮೇಲೆ ಅವರ ಕೈ ನಿಂತುಬಿಟ್ಟಿತು. ಗಿರಾಕಿ ಪರದೆ ಸರಿಸಿ ಇಣುಕುತ್ತಿದ್ದಳು. ಗೌಡರು ಗಂಡಸು, ಒಳಗೆ ಬರುವಂತಿಲ್ಲ. ಬಂದರೂ ನನ್ನನ್ನು ಎಬ್ಬಿಸಲು ಮುಟ್ಟಬೇಕಲ್ಲ. ಹಸ್ನಾ ಭವಿತಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೂ ಸರ್ಟಿಫಿಕೇಟ್ ಬೇಕಿತ್ತು.

ನಾನು ಎಡಗಾಲನ್ನು ಅವಳ ಕಡೆಗೆ ಸ್ವಲ್ಪ ಸರಿಸಿ ಕಣ್ಣು ಮುಚ್ಚಿದೆ.